ವಲ್ಲಿಯ ಕೆಳಗಿನ ಕೈ

ದಾವಣಗೆರೆಯ ಹತ್ತಿ ಪೇಟೆಯಲ್ಲಿ ಎಡಗೈ ಚಾಚಿದವನಿಗೆ ಯಾರೂ ಮಾಲು ಕೊಡುತ್ತಿರಲಿಲ್ಲ. ವ್ಯಾಪಾರವೆಂದರೆ ಬಲಗೈಯದು. ಎಡಗೈ ಏನಿದ್ದರೂ ಮನೆಯಲ್ಲಿ, ಬೆಳಗಿನ ಪೂಜೆಗೆ ಕೂತಾಗ ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವುದಕ್ಕೆ. ಅಲುಗಬಾರದು, ಕಣ್ಣು ಆಚೀಚೆ ಹರಿಸಬಾರದು ಎಂದು ಅಜ್ಜಿ ನನಗೆ ಆ ಕೈಯನ್ನು ಹಿಡಿಯುವುದು ಕಲಿಸಿದ್ದಳು. ಮುಂದೆ ನನ್ನ ಅನ್ನ ಆ ಎಡಗೈಯಿಂದಲೇ ಹುಟ್ಟುತ್ತದೆ, ಅದೇ ಕೈ ಒಂದು ದಿನ ನನ್ನ ಅನ್ನಕ್ಕೆ ಕಲ್ಲು ಹಾಕಲು ಹೊರಡುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಪ್ಪಾಜಿ ಹತ್ತಿಯ ದಲ್ಲಾಳಿ. ರೈತರು ಗಾಡಿಯಲ್ಲಿ ಹೇರಿ ತಂದ ಹತ್ತಿಯನ್ನು ಮಿಲ್ಲಿನವರಿಗೆ ಕುದುರಿಸಿ ಕೊಡುವುದು ಅವರ ಕಸುಬು. ಆ ಕಾಲದಲ್ಲಿ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಇಬ್ಬರ ಕೈ ಮೇಲೂ ಹಾಸಿ, ಆ ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಹೇಳಬೇಕು. ಸುತ್ತ ಹತ್ತು ಮಂದಿ ನಿಂತಿದ್ದರೂ ಒಳಗೆ ಏನು ನಡೆಯಿತೆಂದು ತಿಳಿಯುತ್ತಿರಲಿಲ್ಲ. ಮೇಲೆ ಮಾತ್ರ ಮಳೆ ಬೆಳೆ, ಮಗಳ ಮದುವೆ, ಹರಿಹರದ ಹೊಳೆಗೆ ನೀರು ಬಂತೋ ಇಲ್ಲವೋ ಎಂಬ ಮಾತು ನಡೆದಿರುತ್ತಿತ್ತು. ದರ ಒಪ್ಪಿಗೆಯಾದರೆ ಎದುರಿನವನ ಇಡೀ ಅಂಗೈಯನ್ನು ತುಂಬ ಹಿಡಿದು ಒಮ್ಮೆ ಅದುಮುವುದು. ಅಲ್ಲಿಗೆ ವ್ಯಾಪಾರ ಮುಗಿಯಿತು, ಆಮೇಲೆ ಯಾರೂ ತಿರುಗಿ ಮಾತಾಡುವಂತಿಲ್ಲ.

ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ಅಪ್ಪಾಜಿ ನನ್ನನ್ನು ಅಂಗಡಿಯ ಗಾದಿ ಮೇಲೆ ಕೂರಿಸಿಕೊಂಡು ಆ ವಿದ್ಯೆ ಕಲಿಸಲು ನೋಡಿದರು. ನಾನು ವಲ್ಲಿಯ ಕೆಳಗೆ ಅವರ ಬೆರಳು ಹಿಡಿದು, ಎಣಿಸಿ, ಯೋಚಿಸಿ, ಮತ್ತೆ ಹಿಡಿಯುತ್ತಿದ್ದೆ. ಅಷ್ಟರಲ್ಲಿ ನನ್ನ ಮುಖ ನೋಡಿದ ಯಾರಿಗಾದರೂ ದರ ಗೊತ್ತಾಗಿಬಿಡುತ್ತಿತ್ತು.

"ತಲೀನ ಕೇಳಿ ಬೆರಳು ಆಡಿದ್ರೆ ತಡ ಆಗ್ತೈತೆ ತಮ್ಮಾ. ಕೈಗೇ ಕಲಿಸು. ಬಾಯಿ ಹೊಳಿ ಮಾತಾಡ್ತಿರಬೇಕು, ಕೈ ಹತ್ತಿ ಮಾತಾಡ್ತಿರಬೇಕು," ಅಂದರು.

ನನಗೆ ಹೊಳೆಯೂ ಬೇಕಿರಲಿಲ್ಲ, ಹತ್ತಿಯೂ ಬೇಕಿರಲಿಲ್ಲ. ಕಾಲೇಜು ಮುಗಿಸಿದ್ದೇ ವಾಯುಪಡೆಗೆ ಸೇರಿಬಿಟ್ಟೆ. ಅಪ್ಪಾಜಿ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಸ್ಟೇಷನ್ನಿಗೆ ಬಂದು ಗಾಡಿ ಹೊರಡುವ ತನಕ ನಿಂತಿದ್ದು ಹೋದರು. ಅಂಗಡಿಯಲ್ಲಿ ಅವರ ಪಕ್ಕದ ದಿಂಬನ್ನು ಮಾತ್ರ ಯಾರಿಗೂ ಒರಗಲು ಬಿಡುತ್ತಿರಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು.

ವಾಯುಪಡೆಯಲ್ಲಿ ನನಗೆ ಮೊದಲು ಕಲಿಸಿದ್ದು ರೆಕ್ಕೆಯ ವಿಮಾನವನ್ನೇ. ಆಮೇಲೆ ಹೆಲಿಕಾಪ್ಟರಿಗೆ ಹಾಕಿದರು. ನಮ್ಮ ದೇಶಕ್ಕೆ ಅದು ಇನ್ನೂ ಹೊಸತು. ರಜೆಗೆ ಬಂದಾಗ ಪೇಟೆಯವರು ಕೇಳುತ್ತಿದ್ದರು, "ರೆಕ್ಕಿನೇ ಇಲ್ದೆ ಅದು ಹೆಂಗೆ ಹಾರ್ತೈತ್ರಿ?" ತಲೆಯ ಮೇಲೆ ತಿರುಗುವ ಫ್ಯಾನನ್ನು ತೋರಿಸಿದರೆ ನಗುತ್ತಿದ್ದರು. ಅಷ್ಟು ದೊಡ್ಡ ಫ್ಯಾನಿನ ಕೆಳಗೆ ಕೂತು ಸಂಬಳ ತೆಗೆದುಕೊಳ್ಳುವವನು ಪುಣ್ಯವಂತ ಎಂದು ಅವರ ಲೆಕ್ಕ.

ಹೆಲಿಕಾಪ್ಟರಿನಲ್ಲಿ ಸೀಟಿನ ಎಡಕ್ಕೆ ಮೋಟಾರಿನ ಹ್ಯಾಂಡ್‌ಬ್ರೇಕಿನ ಹಾಗೆ ಒಂದು ಸನ್ನೆಕೋಲು ಇರುತ್ತದೆ. ಎಡಗೈಯಿಂದ ಅದನ್ನು ಎಳೆದರೆ ಯಂತ್ರ ಮೇಲಕ್ಕೆ ಏಳುತ್ತದೆ, ಇಳಿಸಿದರೆ ಇಳಿಯುತ್ತದೆ. ಈಶಾನ್ಯದ ಗುಡ್ಡಗಳಲ್ಲಿ ವರ್ಷಗಟ್ಟಲೆ ನಾನು ಮಾಡಿದ ಕೆಲಸ ಅದು. ಬೆಟ್ಟದ ತುದಿಯಲ್ಲಿ ರಾಶಿ ಮಾಡುವ ಕಣದಷ್ಟು ಜಾಗ ಸವರಿರುತ್ತಿದ್ದರು. ಅಕ್ಕಿ, ಬೇಳೆ, ಸೀಮೆಎಣ್ಣೆ ಇಳಿಸಿ, ಕಾಯಿಲೆ ಬಿದ್ದವರನ್ನು ಹತ್ತಿಸಿಕೊಂಡು ಬರಬೇಕು. ಒಮ್ಮೆ ಕಾಲು ಮುರಿದ ಸಿಪಾಯಿಯೊಬ್ಬನನ್ನು ತರುವಾಗ ಗಾಳಿ ಇದ್ದಕ್ಕಿದ್ದಂತೆ ಕೈಕೊಟ್ಟು ಯಂತ್ರ ಕಣಿವೆಗೆ ಕುಸಿಯತೊಡಗಿತು. ನಾನು ಯೋಚಿಸುವ ಮೊದಲೇ ಎಡಗೈ ಎಳೆದಿತ್ತು. ಮರಗಳ ತಲೆ ಸವರಿಕೊಂಡು ಮೇಲೆ ಬಂದೆವು. ಆ ಸಿಪಾಯಿ ಇಳಿಯುವಾಗ ನನ್ನ ಕೈ ಹಿಡಿದು ಏನೋ ಹೇಳಿದ. ಅವನ ಭಾಷೆ ನನಗೆ ಬರುತ್ತಿರಲಿಲ್ಲ, ಆದರೂ ಮನಸ್ಸು ತುಂಬಿ ಬಂತು. ಹೆಲಿಕಾಪ್ಟರ್ ನನಗೆ ಕೊಟ್ಟದ್ದನ್ನು ನಾನು ಎಂದೂ ಮರೆಯಲಾರೆ. ಮುಂದೆ ಹೇಳುವ ಪಾಡಿಗೆ ಅದನ್ನು ದೂರುವವನೂ ನಾನಲ್ಲ.

ಅರವತ್ತರ ದಶಕದ ನಡುವೆ ನನಗೆ ಹರಿಹರದ ಹೆಣ್ಣು ತಂದರು. ಅವಳ ಅಪ್ಪ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಮದುವೆಯಾದ ಮೇಲೆ ಅವಳು ನನ್ನ ಜೊತೆ ಇದ್ದದ್ದಕ್ಕಿಂತ ಹರಿಹರ, ದಾವಣಗೆರೆಗಳ ನಡುವೆ ಓಡಾಡಿದ್ದೇ ಹೆಚ್ಚು. ಗುಡ್ಡಗಾಡಿನಲ್ಲಿ ಸಂಸಾರಕ್ಕೆ ಮನೆ ಎಲ್ಲಿಯದು? ನನ್ನ ಸೇವೆಯ ಅವಧಿ ಮುಗಿಯುತ್ತ ಬಂದಾಗ ಅವಳು ಒಂದೇ ಮಾತು ಕೇಳಿದಳು.

"ಹಾರೋದು ಬಿಡ್ರಿ ಅನ್ನಂಗಿಲ್ಲ ನಾನು. ಸಂಜಿಗೆ ಮನಿಗೆ ಬರೋ ಹಂಗೆ ಹಾರಾಕೆ ಎಲ್ಲೂ ಆಗಂಗಿಲ್ಲೇನು?"

ಆಗುತ್ತಿತ್ತು. ಜನರನ್ನು ಊರಿಂದೂರಿಗೆ ಒಯ್ಯುವ ವಿಮಾನ ಕಂಪನಿಯಲ್ಲಿ ಪೈಲಟ್ಟುಗಳು ಬೇಕಾಗಿದ್ದರು. ಪರೀಕ್ಷೆ ಕಟ್ಟಿ ಲೈಸೆನ್ಸು ಪಡೆದೆ. ಪಡೆಯಿಂದ ಬಿಡುಗಡೆ ಪಡೆದು ಬಂದು, ಹೈದರಾಬಾದಿನಲ್ಲಿ ತರಬೇತಿಗೆ ಸೇರಿದೆ. ಡಕೋಟ ಎಂಬ ಹಳೆಯ, ಗಟ್ಟಿಮುಟ್ಟಾದ ಎರಡು ಎಂಜಿನ್ನಿನ ವಿಮಾನ. ಹೊಸಬ ಬಲಗಡೆಯ ಸೀಟಿನಲ್ಲಿ ಕೂರಬೇಕು, ಹಿರಿಯ ಕ್ಯಾಪ್ಟನ್ ಎಡಗಡೆ. ಇಬ್ಬರ ನಡುವೆ ಎಂಜಿನ್ನಿನ ಸನ್ನೆಗಳು. ಅಂದರೆ ಇಲ್ಲಿಯೂ ಯಂತ್ರದ ಬಲ ನನ್ನ ಎಡಗೈಯಲ್ಲೇ. ಒಳ್ಳೆಯದಾಯಿತು, ಹಳೆಯ ಮನೆಗೇ ಬಂದ ಹಾಗಾಯಿತು ಎಂದುಕೊಂಡೆ.

ಅಲ್ಲೇ ಕಾದಿತ್ತು ನನ್ನ ಗ್ರಹಚಾರ. ಹೆಲಿಕಾಪ್ಟರಿನಲ್ಲಿ ಎಳೆದರೆ ಬಲ ಹೆಚ್ಚು. ಡಕೋಟದಲ್ಲಿ ಮುಂದಕ್ಕೆ ನೂಕಿದರೆ ಬಲ ಹೆಚ್ಚು, ಎಳೆದರೆ ಎಂಜಿನ್ನು ಸೊರಗುತ್ತದೆ. ಇದು ನನಗೆ ತಿಳಿಯದ ಸಂಗತಿಯೇ? ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಸಾವಧಾನವಾಗಿ ಹಾರುವಾಗ ಕೈ ಸರಿಯಾಗಿಯೇ ನೂಕುತ್ತಿತ್ತು. ಒಂದು ಬೆಳಿಗ್ಗೆ ಇಳಿಯಲು ಬರುತ್ತಿದ್ದಾಗ, ನೆಲ ಇನ್ನೇನು ಹತ್ತಿರವಾಯಿತು ಅನ್ನುವಾಗ, ತರಬೇತಿಯ ಕ್ಯಾಪ್ಟನ್ ಇದ್ದಕ್ಕಿದ್ದಂತೆ "ಓವರ್‌ಶೂಟ್" ಅಂದರು. ಇಳಿಯಬೇಡ, ಮತ್ತೆ ಮೇಲಕ್ಕೇಳು ಎಂಬುದು ಅದರ ಅರ್ಥ. ನನ್ನ ಎಡಗೈ ಎರಡೂ ಸನ್ನೆಗಳನ್ನು ಹಿಂದಕ್ಕೆ ಎಳೆದುಬಿಟ್ಟಿತು.

ಕ್ಯಾಪ್ಟನ್ನರ ಕೈ ನನ್ನ ಕೈ ಮೇಲೆ ಬಿದ್ದು ಸನ್ನೆಗಳನ್ನು ಮುಂದಕ್ಕೆ ನೂಕಿತು. ವಿಮಾನ ಒಮ್ಮೆ ನಡುಗಿ ಮೇಲೆದ್ದಿತು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಕೂಗಿದರು, ನನ್ನ ಕೈ ಮತ್ತೆ ಎಳೆಯಿತು. ಕೆಳಗಿಳಿದ ಮೇಲೆ ರೆಕ್ಕೆಯ ನೆರಳಿನಲ್ಲಿ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ನಿನ್ನ ತಲೆ ನಮ್ಮ ಕಂಪನಿಗೆ ಬಂದಿದೆ, ನಿನ್ನ ಕೈ ಇನ್ನೂ ಗುಡ್ಡಗಳಲ್ಲೇ ಇದೆ. ವಿಮಾನ ರಿಪೇರಿಗೆ ಹೋಗುತ್ತದೆ, ಒಂದು ಹದಿನೈದು ದಿನ ಮನೆಗೆ ಹೋಗಿ ಬಾ. ಬಂದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ಆಗಲೂ ಕೈ ಎಳೆದರೆ ನಿನ್ನ ಹಿಂದೆ ಜನರನ್ನು ಕೂರಿಸಲು ನನ್ನಿಂದ ಆಗುವುದಿಲ್ಲ.

ಅವರ ಮಾತು ನ್ಯಾಯವಾಗಿತ್ತು. ಬೇರೆಯವರಾಗಿದ್ದರೆ ಅಂದೇ ಕಳಿಸಿಬಿಡುತ್ತಿದ್ದರು. ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ಪಡೆಯನ್ನು ಬಿಟ್ಟು ಬಂದಾಗಿದೆ, ಅಲ್ಲಿಗೆ ತಿರುಗಿ ಹೋಗುವಂತಿಲ್ಲ. ಇಲ್ಲಿ ಸೋತರೆ ಹಾರಾಟ ಮುಗಿದೇ ಹೋಯಿತು. ಹೆಂಡತಿ ಬಸುರಿ, ಕುಬುಸ ಮುಗಿಸಿ ಹೆರಿಗೆಗೆ ಹರಿಹರದ ತವರಿಗೆ ಹೋಗಿದ್ದಾಳೆ. ಉಳಿದದ್ದು ಅಪ್ಪಾಜಿಯ ಪಕ್ಕದ ದಿಂಬು. ಆ ದಿಂಬನ್ನು ನೆನೆದು ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಮನೆಯಲ್ಲಿ ಏನೂ ಹೇಳಬಾರದೆಂದಿದ್ದೆ. ಆದರೆ ದಲ್ಲಾಳಿಯ ಮನೆಯಲ್ಲಿ ಮುಖ ಮುಚ್ಚಿಡುವುದು ಸುಲಭವಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಅಪ್ಪಾಜಿ ಕೇಳಿದರು.

"ಯಾಕ ತಮ್ಮಾ, ಮಾಲು ವಾಪಸ್ ಬಂತಾ?"

ನಾನು ಎಲ್ಲ ಹೇಳಿಬಿಟ್ಟೆ. ಎಳೆಯುವುದು, ನೂಕುವುದು, ಕ್ಯಾಪ್ಟನ್ ಅಂದದ್ದು, ಇನ್ನೊಮ್ಮೆ ನೋಡುತ್ತೇನೆಂದದ್ದು. ಅಪ್ಪಾಜಿ ಎರಡು ಸಲ ಕೇಳಿ ತಿಳಿದುಕೊಂಡರು. ಯಾವ ಕೈ ಎಂದು ಕೇಳಿದರು. ಎಡಗೈ ಅಂದೆ. ಕೈ ತೊಳೆದು ಎದ್ದು ಹೋದರು. ಸಂಜೆ ಅಂಗಡಿಯಿಂದ ಆಳು ಬಂದು, ಯಜಮಾನರು ಕರೆಯುತ್ತಾರೆ ಎಂದ.

ಗಾಡಿಗಳೆಲ್ಲ ಹೋಗಿ ಪೇಟೆ ಬಣಬಣ ಅನ್ನುತ್ತಿತ್ತು. ಅಪ್ಪಾಜಿ ಗಾದಿ ಮೇಲೆ ನನ್ನನ್ನು ತಮ್ಮ ಬಲಕ್ಕೆ ಕೂರಿಸಿಕೊಂಡರು. ವಲ್ಲಿ ತೆಗೆದು ನನ್ನ ಎಡಗೈ, ಅವರ ಬಲಗೈ ಎರಡರ ಮೇಲೂ ಹಾಸಿದರು. ಒಳಗೆ ಮುಷ್ಟಿ ಕಟ್ಟಿ ನನ್ನ ಅಂಗೈಗೆ ಕೊಟ್ಟರು.

"ಇದು ನಿನ್ನ ಸನ್ನಿ ಅಂತ ತಿಳಕೋ. ನಾನು ಹೆಬ್ಬೆರಳಲ್ಲಿ ನಿನ್ನ ಮಣಿಕಟ್ಟು ಒತ್ತತೀನಿ. ಯಾವಾಗ ಅಂತ ಹೇಳಾದಿಲ್ಲ. ಒತ್ತಿದ ಕೂಡ್ಲೆ ಮುಂದಕ್ಕೆ ನೂಕಬೇಕು. ಮುಖ ಅಲುಗಬಾರ್ದು."

"ಅಪ್ಪಾಜಿ, ಎಡಗೈ ಕಣ್ರಿ ಇದು. ಅಂಗಡಿ ಗಾದಿ ಮ್ಯಾಲೆ..."

"ಗೊತ್ತೈತೆ. ಹೊಳಿಗೆ ನೀರು ಬಂದಾವೇನು ಈ ವರ್ಷ?"

ಬಂದಿವೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಣಿಕಟ್ಟಿಗೆ ಹೆಬ್ಬೆರಳು ಬಿತ್ತು. ನಾನು ಎಳೆದೆ.

"ಎಳದಿ," ಅಂದರು. ಬೈಯಲಿಲ್ಲ, ನಗಲಿಲ್ಲ. ಮುಷ್ಟಿಯನ್ನು ಮತ್ತೆ ನನ್ನ ಅಂಗೈಗೆ ಕೊಟ್ಟು ಮಲೇಬೆನ್ನೂರಿನ ಭತ್ತದ ಮಾತು ತೆಗೆದರು. ಒತ್ತಿದರು. ಎಳೆದೆ. ನನ್ನ ಮೇಲೆ ನನಗೇ ಸಿಟ್ಟು ಬಂದು ವಲ್ಲಿಯನ್ನು ಕಿತ್ತೆಸೆಯಬೇಕು ಅನ್ನಿಸಿತು. ಅಪ್ಪಾಜಿ ಅದನ್ನೂ ಕಂಡರು. ಎರಡು ಲೋಟ ಚಹ ತರಿಸಿದರು, ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಬಲಗೈಯಲ್ಲಿ ಹಿಡಿದು ನಾನು ಮೆಣಸಿನಕಾಯಿ ಕಚ್ಚುತ್ತಿದ್ದಾಗಲೂ ಎಡ ಮಣಿಕಟ್ಟನ್ನು ಒತ್ತಿದರು.

ದಿನಾ ಇದೇ ನಡೆಯಿತು. ಪೇಟೆಯವರ ಕಣ್ಣಿಗೆ ಬೀಳದೆ ಇರುತ್ತದೆಯೇ? ವಲ್ಲಿಯ ಕೆಳಗೆ ಕೈ ಇಟ್ಟುಕೊಂಡು ಗಂಟೆಗಟ್ಟಲೆ ಕೂತ ತಂದೆ ಮಗನನ್ನು ನೋಡಿ ಎದುರಂಗಡಿಯ ಯಜಮಾನರು ಕೇಳಿಯೇ ಬಿಟ್ಟರು.

"ಏನ್ರೀ ಸಾಹುಕಾರ್ರೆ, ಮಗನ ಜೊತಿಗೇ ವ್ಯಾಪಾರಕ್ಕೆ ಕೂತೀರಲ್ರೀ. ಎಂಥಾ ಮಾಲದು, ಇನ್ನೂ ದರ ಕುದುರವಲ್ದು?"

"ಮಾಲು ಚಲೋ ಐತೆ. ಅದ್ಕೇ ಹೊತ್ತು ಹಿಡಿತೈತೆ," ಅಂದರು ಅಪ್ಪಾಜಿ.

ಮಗನ ಬಗ್ಗೆ ಅವರು ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ತಲೆ ಬಗ್ಗಿಸಿ ಮಂಡಕ್ಕಿ ತಿಂದೆ.

ಒಂದೊಂದು ದಿನ ಬಿಟ್ಟು ಹರಿಹರಕ್ಕೆ ಹೋಗುತ್ತಿದ್ದೆ. ಹೆಂಡತಿಗೆ ಸುದ್ದಿ ಹೇಳಿದಾಗ ಅವಳು ಹೆದರಲಿಲ್ಲ. "ಮಾವಾರು ಅಲ್ಲಿ ಕಲಿಸ್ಲಿ, ನಾನು ಇಲ್ಲಿ ಕಲಿಸ್ತೀನಿ," ಅಂದಳು. ಅವಳದು ಬಟ್ಟೆ ಗಿಟ್ಟೆ ಇಲ್ಲದ ಪಾಠ. ಊಟಕ್ಕೆ ಕೂತಾಗ ನನ್ನ ಎಡಗೈಗೆ ಹಿತ್ತಾಳೆ ತಂಬಿಗೆ ಹಿಡಿಸಿ, ತಾನು ಒಳಗೆ ಹೋಗಿ ಅಲ್ಲಿಂದ "ಏಳ್ರಿ ಮ್ಯಾಲೆ" ಎಂದು ಕೂಗುವುದು. ನಾನು ತಂಬಿಗೆಯನ್ನು ಮುಂದಕ್ಕೆ ನೂಕಬೇಕು. ಎಳೆದರೆ ನೀರು ನನ್ನ ಮಡಿಲಿಗೆ, ನೂಕಿದರೆ ಎದುರಿಗೆ. ಮೊದಮೊದಲು ನನ್ನ ಪಂಚೆ ತೊಯ್ದು ತೊಪ್ಪೆಯಾಗುತ್ತಿತ್ತು. ಒಂದು ದಿನ ಅವಳು ಕೂಗುವಾಗ ತಂಬಿಗೆಯಲ್ಲಿ ಮಜ್ಜಿಗೆ ಇತ್ತು. ಅತ್ತೆಯವರು ಅನ್ನದ ಪಾತ್ರೆ ಹಿಡಿದು ಎದುರಿಗೆ ಬಂದು ಬಗ್ಗಿದ್ದರು. ಕೈ ನೂಕಿಬಿಟ್ಟಿತು.

ಅತ್ತೆ ಮಜ್ಜಿಗೆ ಒರೆಸಿಕೊಳ್ಳುತ್ತ ಮಗಳನ್ನು ಕರೆದು ಮೆಲ್ಲಗೆ ಕೇಳಿದರು. "ಅಳಿಯಂದ್ರಿಗೆ ಮಜ್ಜಿಗಿ ಸೇರಂಗಿಲ್ಲ ಅಂದ್ರೆ ಬಾಯಾಗೆ ಹೇಳಾಕೆ ಬರಲ್ಲೇನವ್ವ?"

ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು, "ನೂಕಿದ್ರಿ, ಗೊತ್ತಾತಾ?" ಅಂದಳು. ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ಅಂದು ನಾವಿಬ್ಬರೂ ಹೊಳೆಯ ದಂಡೆಗೆ ಹೋಗಿ ಸಂಜೆಯ ತನಕ ಕೂತಿದ್ದೆವು. ನನಗೆ ಆಗ ಆದಷ್ಟು ಸಂತೋಷ ಲೈಸೆನ್ಸು ಕೈಗೆ ಬಂದಾಗಲೂ ಆಗಿರಲಿಲ್ಲ.

ಹೊರಡುವ ಹಿಂದಿನ ದಿನ ಅವ್ವ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟುತ್ತ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ನಿಮ್ಮಪ್ಪಗೆ ವಯಸ್ಸಾತು ಕಣೋ. ನೀ ಸೋತು ಬಂದು ಗಾದಿ ಮ್ಯಾಲೆ ಕೂತಿದ್ರೆ ಅವ್ರಿಗೆ ಸ್ವರ್ಗ ಸಿಕ್ಕಂಗೆ ಆಗ್ತಿತ್ತು. ಸುಮ್ನೆ ಇದ್ರೂ ಸಾಕಾಗಿತ್ತು, ನೀನಾಗೇ ಬರ್ತಿದ್ದಿ. ಆದ್ರೂ ದಿನಾ ಕೂತು ನಿನ್ನ ಕೈ ತಿದ್ದಿದ್ರಲ್ಲ, ಅದನ್ನ ಮರೀಬ್ಯಾಡ."

ನಾನು ಅದುವರೆಗೆ ಹಾಗೆ ಯೋಚಿಸಿಯೇ ಇರಲಿಲ್ಲ. ನನ್ನ ಕೈ, ನನ್ನ ಪರೀಕ್ಷೆ, ನನ್ನ ವಿಮಾನ ಎಂದೇ ತಿರುಗುತ್ತಿದ್ದೆ. ತಮ್ಮ ಪಕ್ಕದ ದಿಂಬು ಖಾಲಿ ಉಳಿಯುವ ಹಾಗೆ ಅಪ್ಪಾಜಿ ತಮ್ಮ ಕೈಯಾರೆ ನನ್ನ ಕೈಯನ್ನು ಮುಂದಕ್ಕೆ ನೂಕಿಸುತ್ತಿದ್ದರು. ಎದ್ದು ಅಂಗಡಿಗೆ ಹೋದೆ. ಅಪ್ಪಾಜಿ ಅಂದು ವಲ್ಲಿ ತೆಗೆಯಲಿಲ್ಲ. "ಸಾಕು, ಇನ್ನು ಕೈಗೆ ಬಿಡು," ಅಂದರು.

ಹೈದರಾಬಾದಿನ ಪರೀಕ್ಷೆಯನ್ನು ಎರಡೇ ಮಾತಿನಲ್ಲಿ ಹೇಳಬಹುದು. ಇಳಿಯಲು ಬರುತ್ತಿದ್ದೆವು. ಕ್ಯಾಪ್ಟನ್ ನನ್ನ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದರು, ನಾನು ಉತ್ತರ ಹೇಳುತ್ತಿದ್ದೆ. ನಡುವೆ ಅವರು ಕೂಗಿದ್ದು ನನ್ನ ಕಿವಿಗೆ ಬೀಳುವ ಮೊದಲೇ ಎಂಜಿನ್ನುಗಳು ಮೊರೆದಿದ್ದವು. ನೋಡಿದರೆ ನನ್ನ ಎಡಗೈ ಎರಡೂ ಸನ್ನೆಗಳನ್ನು ತುದಿಯ ತನಕ ನೂಕಿ ಹಿಡಿದಿತ್ತು. ಇನ್ನೂ ಕೆಲವು ಸಲ ಹಾಗೆಯೇ ಕೂಗಿದರು, ಒಮ್ಮೆಯೂ ಎಳೆಯಲಿಲ್ಲ. ಕೆಳಗಿಳಿದ ಮೇಲೆ ಅವರು ನನ್ನ ಹೆಗಲು ತಟ್ಟಿ, ಯಾರ ಹತ್ತಿರ ಕಲಿತು ಬಂದೆ ಎಂದು ಕೇಳಿದರು. ನಮ್ಮೂರಲ್ಲಿ ಒಬ್ಬ ಹತ್ತಿ ದಲ್ಲಾಳಿ ಇದ್ದಾರೆ ಅಂದೆ. ತಮಾಷೆ ಎಂದು ನಕ್ಕುಬಿಟ್ಟರು. ಅವರ ಋಣವೂ ನನ್ನ ಮೇಲೆ ದೊಡ್ಡದಿದೆ.

ಮಗಳು ಹುಟ್ಟಿದಳು, ಬೆಂಗಳೂರಿನಲ್ಲಿ ಮನೆ ಮಾಡಿದೆವು. ಹೆಂಡತಿ ಕೇಳಿದ್ದಂತೆ ಬಹಳ ಸಂಜೆಗಳಿಗೆ ನಾನು ಮನೆಯಲ್ಲಿರುತ್ತಿದ್ದೆ. ಮರುವರ್ಷ ಅಪ್ಪಾಜಿಯನ್ನು ಒತ್ತಾಯ ಮಾಡಿ ಬೆಂಗಳೂರಿಗೆ ಕರೆಸಿ, ಅಲ್ಲಿಂದ ನನ್ನ ವಿಮಾನದಲ್ಲೇ ಕರೆದುಕೊಂಡು ಹೋದೆ. ಬಿಳಿ ರುಮಾಲು ಸುತ್ತಿ, ಹೊಸ ವಲ್ಲಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಡಕೋಟ ನೆಲದ ಮೇಲಿದ್ದಾಗ ಬಾಲ ಕೆಳಗೆ, ಮೂತಿ ಮೇಲೆ. ಒಳಗೆ ಏರು ಹತ್ತಿಕೊಂಡು ಹೋಗಿ ಕೂರಬೇಕು. ಕಿವಿಗೆ ಇಟ್ಟುಕೊಳ್ಳಲು ಎಲ್ಲರಿಗೂ ಹತ್ತಿ ಕೊಡುವುದು ಆಗಿನ ರೂಢಿ. ಅಪ್ಪಾಜಿ ಅದನ್ನು ಕಿವಿಗಿಡಲಿಲ್ಲ. ಎರಡು ಬೆರಳಲ್ಲಿ ಎಳೆದು, ಬೆಳಕಿಗೆ ಹಿಡಿದು, ಪಕ್ಕದವರಿಗೆ ಹೇಳಿದರಂತೆ: "ಎಳಿ ಗಿಡ್ಡ ಐತೆ. ನಮ್ಮ ಪ್ಯಾಟಿಗೆ ಬಂದ್ರೆ ಇದ್ಕೆ ದರ ಇಲ್ಲ."

ದಾವಣಗೆರೆಯ ಮಿಲ್ಲಿನ ಚಿಮಣಿಗಳು, ಹರಿಹರದ ಹತ್ತಿರ ಹೊಳೆಯ ತಿರುವು ಎಲ್ಲ ಕಿಟಕಿಯಲ್ಲಿ ಕಂಡವು. ಉತ್ತರದ ಕಡೆಯ ಒಂದು ಸಣ್ಣ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಕ್ಯಾಪ್ಟನ್ ಇಳಿಸುವ ಕೆಲಸ ನನಗೆ ಬಿಟ್ಟಿದ್ದರು. ನೆಲ ಹತ್ತಿರ ಬಂದಾಗ ಓಡುದಾರಿಯ ಮೇಲೆ ಎಲ್ಲಿಂದಲೋ ಒಂದು ಎಮ್ಮೆ ಹಿಂಡು ಕಾಲಿಟ್ಟಿತು. ಕ್ಯಾಪ್ಟನ್ ಕೂಗುವ ಮೊದಲೇ ನನ್ನ ಕೈ ನೂಕಿತ್ತು. ವಿಮಾನ ಎಮ್ಮೆಗಳ ಮೇಲೆ ಹಾದು ಎದ್ದು, ಒಂದು ಸುತ್ತು ಹಾಕಿ ಬಂದು, ಹದವಾಗಿ ನೆಲ ಮುಟ್ಟಿತು.

ಎಲ್ಲರೂ ಇಳಿದ ಮೇಲೆ ನಾನು ಹೊರಗೆ ಬಂದೆ. ಅಪ್ಪಾಜಿ ರೆಕ್ಕೆಯ ನೆರಳಿನಲ್ಲಿ ಒಬ್ಬರೇ ನಿಂತಿದ್ದರು.

"ಇಳಿಯೋದು ಬಿಟ್ಟು ಮ್ಯಾಲೆ ಎದ್ದಾಗ ನೂಕಿದ್ದು ಯಾರು?" ಎಂದು ಕೇಳಿದರು.

"ನಾನೇ ರಿ, ಅಪ್ಪಾಜಿ."

ಅವರು ಹೆಗಲ ಮೇಲಿನ ವಲ್ಲಿ ತೆಗೆದರು. ಸುತ್ತ ಪ್ರಯಾಣಿಕರು, ಹಮಾಲರು, ನಮ್ಮ ಕ್ಯಾಪ್ಟನ್ ಎಲ್ಲ ಇದ್ದರು. ನಾನು ಅಭ್ಯಾಸದಂತೆ ಬಲಗೈ ಚಾಚಿದೆ. ಅವರು ತಲೆ ಅಲ್ಲಾಡಿಸಿ ನನ್ನ ಎಡಗೈಯನ್ನು ತೆಗೆದುಕೊಂಡರು. ಅದರ ಮೇಲೆ ವಲ್ಲಿ ಹಾಸಿ, ಒಳಗೆ ಇಡೀ ಅಂಗೈಯನ್ನು ತುಂಬ ಹಿಡಿದು ಒಮ್ಮೆ ಅದುಮಿದರು. ಬಾಯಲ್ಲಿ ಮಾತ್ರ ಈ ವರ್ಷ ಹೊಳೆಗೆ ನೀರು ಚೆನ್ನಾಗಿ ಬಂದಿದೆ ಎಂಬ ಮಾತು ನಡೆದಿತ್ತು.